ಎತ್ತದ ಫೋನಿನ ಉತ್ತರ

"ದನಿ ನನ್ನದೇ ಅಂತ ಅವರು ಅಷ್ಟು ಗಟ್ಟಿಯಾಗಿ ಹೇಳ್ತಿದಾರಲ್ಲ ಭಾವ, ಇನ್ನು ನಾನೇನು ಹೇಳಲಿ?"

ಇಷ್ಟು ಹೇಳುವುದರೊಳಗೆ ಫೋನಕ್ಕ ಎರಡು ಸಲ ಕೆಮ್ಮಿದಳು. ಲಿಫ್ಟ್ ರಿಪೇರಿ ಕಚೇರಿಯ ಅವಳ ಮೇಜಿನ ಮೇಲೆ ಫೋನಿನ ರಿಸೀವರ್ ಪಕ್ಕಕ್ಕೆ ಮಲಗಿತ್ತು. ಯಾರ ಕರೆಯೂ ಬಾರದಿರಲಿ ಅಂತ ಅಪಘಾತದ ಮಾರನೇ ದಿನದಿಂದ ಅದನ್ನು ಹಾಗೇ ತೆಗೆದಿಟ್ಟಿದ್ದರು. ಬೆಳಗಿನಿಂದ ಸಂಜೆಯವರೆಗೆ ಅದನ್ನು ಎತ್ತಿ ಇಳಿಸಿದ ಕೈಗಳು ಈಗ ಕನ್ನಡಕದ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದವು.

ಎದುರಿನ ಕುರ್ಚಿಯಲ್ಲಿ ನಿಧಾನಿ ಮೊಣಕಾಲು ನೀವಿಕೊಂಡ. ಪೊಲೀಸ್ ಇಲಾಖೆಯಲ್ಲಿದ್ದಾಗ ಜೊತೆಯವರು ಇಟ್ಟ ಹೆಸರು ಅದು. ತಲೆ ನಿಧಾನವೋ ಕಾಲು ನಿಧಾನವೋ ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ, ಅವನೂ ಕೇಳಲು ಹೋಗಿರಲಿಲ್ಲ. ನಿವೃತ್ತಿಯಾದ ಮೇಲಾದರೂ ನೆಮ್ಮದಿಯಾಗಿ ಮಲಗೋಣ ಅಂದರೆ ಊರವರ ತಲೆನೋವೆಲ್ಲ ಅವನ ಮನೆ ಬಾಗಿಲನ್ನೇ ಹುಡುಕಿಕೊಂಡು ಬರುತ್ತಿತ್ತು. ಈ ಸಲದ್ದಂತೂ ಮನೆಯೊಳಗಿನದೇ. ಫೋನಕ್ಕ ಅವನ ಹೆಂಡತಿಯ ಸ್ವಂತ ತಂಗಿ. "ಸತ್ಯ ಯಾರ ಕಡೆ ಇರುತ್ತೋ ನಾನೂ ಅವರ ಕಡೆ" ಅಂತ ಬಾಯಿ ತಪ್ಪಿ ಅಂದಿದ್ದಕ್ಕೆ ಹೆಂಡತಿ ಬೆಳಿಗ್ಗೆ ತಟ್ಟೆ ಕುಕ್ಕಿ, "ಹಾಗಾದ್ರೆ ಸತ್ಯದ ಮನೇಲೇ ಊಟ ಮಾಡ್ಕೊಳ್ಳಿ" ಅಂದು ಒಳಗೆ ಹೋಗಿದ್ದಳು.

ಆಗಿದ್ದು ಇಷ್ಟು. ಒಂದು ವಸತಿ ಕಟ್ಟಡದ ಲಿಫ್ಟು ಕೆಟ್ಟು ನಿಂತಿತ್ತು. ರಿಪೇರಿ ಆಯಿತೇ ಅಂತ ಅಲ್ಲಿನ ಕಾರ್ಯದರ್ಶಿ ಈ ಲಿಫ್ಟ್ ರಿಪೇರಿ ಕಚೇರಿಗೆ ಫೋನ್ ಮಾಡಿದರು. ಕೆಲಸ ಮುಗಿದಿದೆ, ಧೈರ್ಯವಾಗಿ ಹತ್ತಿ ಅಂತ ಒಂದು ಹೆಣ್ಣುದನಿ ಹೇಳಿತು. ಆ ಮಾತು ನಂಬಿ ಕಾವಲುಗಾರ ಹತ್ತಿದ. ಲಿಫ್ಟು ಜಾರಿ ನೆಲಕ್ಕೆ ಅಪ್ಪಳಿಸಿತು. ರಿಪೇರಿಗೆ ಯಾರೂ ಹೋಗಿಯೇ ಇರಲಿಲ್ಲ.

ಈ ಕಚೇರಿಯಲ್ಲಿ ಇದ್ದ ಹೆಣ್ಣುದನಿ ಒಂದೇ.

"ನಿನ್ನೆ ನೋಡ್ಕೊಂಡು ಬಂದೆ ಅವನನ್ನ," ಅಂದಳು ಫೋನಕ್ಕ. "ನರ್ಸಿಂಗ್ ಹೋಮಿನ ಮೂರನೇ ಮಹಡೀಲಿ ಮಲಗಿಸಿದಾರೆ. ಸೊಂಟಕ್ಕೆ ಇವತ್ತು ಸಂಜೆ ಆಪರೇಷನ್ನು. ಕೆಳಗಿನ ಥಿಯೇಟರಿಗೆ ತರ್ತಾರಂತೆ. ಅವನ ಹೆಂಡತಿ ನನ್ನ ಮುಖ ನೋಡಲಿಲ್ಲ ಭಾವ. ಗೋಡೆ ಕಡೆ ತಿರುಗಿ ಕೂತ್ಕೊಂಡ್ರು."

ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆಗೆದು ಚಿಕ್ಕ ಯಜಮಾನರು ಹೊರಗೆ ಬಂದರು. ತಂದೆ ದೊಡ್ಡ ಯಜಮಾನರಾಗಿದ್ದರಿಂದ ಇವರು ಚಿಕ್ಕವರು. ತಂದೆ ಹೋಗಿ ಎಷ್ಟೋ ಕಾಲವಾಗಿ, ಮಗನ ತಲೆ ಅಲ್ಲಲ್ಲಿ ನರೆತಿದ್ದರೂ ಹೆಸರು ಮಾತ್ರ ದೊಡ್ಡದಾಗಿರಲಿಲ್ಲ. ನಿದ್ದೆಗೆಟ್ಟ ಕಣ್ಣು, ಎರಡು ದಿನದ ಗಡ್ಡ.

"ಸಂಜೆ ಇನ್ಸ್‌ಪೆಕ್ಟರ್ ಬರ್ತಾರೆ ಸ್ವಾಮಿ," ಅಂದರು. "ಫೋನಲ್ಲಿ ಮಾತಾಡಿದ್ದು ಯಾರು ಅಂತ ಒಂದು ಹೆಸರು ಕೊಡಲೇಬೇಕು. ಇಲ್ಲದಿದ್ರೆ ಬಾಗಿಲಿಗೆ ಬೀಗ ಜಡೀತಾರೆ. ಅಕ್ಕನ ಮೇಲೆ ನನಗೇನು ದ್ವೇಷ ಇದೆಯಾ? ನನ್ನನ್ನ ಎತ್ತಿ ಆಡಿಸಿದೋರು. ಆದ್ರೆ ಬೇರೆ ಹೆಸರು ಇಲ್ಲದಿದ್ರೆ ನಾನು ಅವರ ಹೆಸರೇ ಹೇಳಬೇಕಾಗುತ್ತೆ."

"ಹೇಳಿ," ಅಂದಳು ಫೋನಕ್ಕ. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ದಣಿದವರು ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವಂತೆ ಹೇಳಿಬಿಟ್ಟಳು.

ನಿಧಾನಿಗೆ ಅದನ್ನು ಸಹಿಸಲಾಗಲಿಲ್ಲ. ಹೊಡೆದಾಡುವವರ ಪರ ನಿಲ್ಲುವುದು ಸುಲಭ, ಸೋತು ಕೂತವರ ಪರ ನಿಲ್ಲುವುದೇ ಕಷ್ಟ.

"ಆ ಕಾರ್ಯದರ್ಶಿಯನ್ನ ಬೆಳಿಗ್ಗೆ ಮಾತಾಡಿಸಿದೆ," ಅಂದ. "ದನಿ ನಿನ್ನದೇ ಅಂತಾರೆ, ಮಾತೂ ನಿನ್ನದೇ ಅಂತಾರೆ. ಆದ್ರೆ ನಾನು ಹೊರಡೋ ಹೊತ್ತಿಗೆ ಒಂದು ಮಾತು ಅಂದ್ರು. 'ನಾನು ಇನ್ನೂ ಹೇಳ್ತಾನೇ ಇದ್ದೆ, ಮಧ್ಯದಲ್ಲೇ ಬಾಯಿ ಹಾಕಿಬಿಟ್ರು. ಇಷ್ಟು ವರ್ಷದಲ್ಲಿ ಯಾವತ್ತೂ ಹಾಗೆ ಮಾಡಿದೋರಲ್ಲ' ಅಂತ."

"ನಾನು ಗಿರಾಕಿಯ ಮಾತು ಕತ್ತರಿಸೋದಾ?" ಫೋನಕ್ಕ ಮೊದಲ ಸಲ ತಲೆ ಎತ್ತಿದಳು. "ದೊಡ್ಡೆಜಮಾನ್ರು ಕಲಿಸಿದ್ದೇ ಅದು. ಲಿಫ್ಟಲ್ಲಿ ಸಿಕ್ಕಿಕೊಂಡೋರು ಹೆದರಿರ್ತಾರೆ, ಅವರ ಮಾತು ಮುಗಿಯೋತನಕ ಕಾಯಬೇಕು, ಆಮೇಲೆ ದಿನಾ ಹೇಳೋ ನಾಲ್ಕು ಮಾತನ್ನೇ ಹೇಳಬೇಕು. ಹೆದರಿದೋರ ಹತ್ರ ಹೊಸ ಮಾತು ಆಡಬಾರದು ಅಂತ. ಅವತ್ತಿಂದ ಇವತ್ತಿನ ತನಕ ಅದೇ ನಾಲ್ಕು ಮಾತು. ನಿದ್ದೇಲೂ ಅದನ್ನೇ ಹೇಳ್ತೀನಂತೆ." ಹೇಳಿ ಮತ್ತೆ ಕೆಮ್ಮಿದಳು.

"ಕಾರ್ಯದರ್ಶಿಯನ್ನ ಇನ್ನೊಂದು ಕೇಳಿದೆ. ಅವತ್ತು ಫೋನಲ್ಲಿ ಕೆಮ್ಮಿದ್ರಾ ಅಂತ. ಇಲ್ಲವೇ ಇಲ್ಲ, ದನಿ ಗಂಟೆ ಹಾಗಿತ್ತು ಅಂದ್ರು. ಈ ಕೆಮ್ಮು ಯಾವಾಗಿಂದ?"

"ಆ ಪೆಟ್ಟಿಗೆಗೆ ಓದಿದಾಗಿಂದ. ಅವತ್ತು ಗಂಟಲು ಕಟ್ಟಿದ್ದು ಬಿಟ್ಟೇ ಇಲ್ಲ."

"ಯಾವ ಪೆಟ್ಟಿಗೆ?"

ಫೋನಕ್ಕ ಯಜಮಾನರ ಮುಖ ನೋಡಿದಳು. ಯಜಮಾನರು ಗೋಡೆ ನೋಡಿದರು. ಗೋಡೆಯ ಮೇಲೆ ನೋಡುವಂಥದ್ದು ಏನೂ ಇರಲಿಲ್ಲ. ಒಂದು ಉದ್ದನೆಯ ಚೌಕ ಮಾತ್ರ ಸುತ್ತಲಿನ ಬಣ್ಣಕ್ಕಿಂತ ಬೆಳ್ಳಗಿತ್ತು. ಏನನ್ನೋ ಇತ್ತೀಚೆಗೆ ಅಲ್ಲಿಂದ ಇಳಿಸಿದ್ದರು.

"ಅಲ್ಲೇನಿತ್ತು?"

"ಕರಿಹಲಗೆ," ಅಂದಳು ಫೋನಕ್ಕ. "ದೂರು ಬಂದ್ರೆ ನಾನು ಅಲ್ಲಿ ಬರೀತಿದ್ದೆ. ಕೆಲಸ ಮುಗಿಸಿ ಬಂದ ಮಿಸ್ತ್ರಿ ತನ್ನ ಕೈಯಿಂದ ಒರೆಸ್ತಿದ್ರು. ನಾನು ಒರೆಸೋ ಹಾಗಿಲ್ಲ, ಯಜಮಾನ್ರೂ ಒರೆಸೋ ಹಾಗಿಲ್ಲ. ಕೆಲಸ ಮಾಡಿದ ಕೈಯೇ ಒರೆಸಬೇಕು. ಅದೂ ದೊಡ್ಡೆಜಮಾನ್ರ ಕಟ್ಟಳೆ. ಹೊಸ ಫೋನು ಬಂತಲ್ಲ ಅಂತ ಹಲಗೆ ಇಳಿಸಿದ್ರು."

ಆಮೇಲೆ ಯಜಮಾನರು ಬಾಯಿ ಬಿಟ್ಟರು. ಹಳೆಯ ಫೋನು ಸಾಲುತ್ತಿರಲಿಲ್ಲ. ಲೈನು ಒಂದೇ, ಗಿರಾಕಿಗಳು ನೂರೆಂಟು. ಹೊಸ ವ್ಯವಸ್ಥೆ ಆರಿಸಿಕೊಳ್ಳೋಣ ಅಂತ ಮೂವರನ್ನು ಕರೆಸಿ, ಒಂದೊಂದನ್ನೂ ಕೆಲವು ದಿನ ಪರೀಕ್ಷೆಗೆ ಇಟ್ಟುಕೊಂಡಿದ್ದರು. ಮೊದಲನೆಯದರಲ್ಲಿ ಕೋಣೆ ಕೋಣೆಗೂ ಒಂದು ಫೋನು; ಗಿರಾಕಿಯ ಕರೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಅಲೆದು, ಅವನು ಬೈದು ಫೋನಿಟ್ಟ. ಎರಡನೆಯದು ಎಲ್ಲರ ಮೊಬೈಲಿಗೂ ಒಟ್ಟಿಗೆ ಬಡಿಯುವಂಥದ್ದು. ಅವನು ಎತ್ತುತ್ತಾನೆ ಅಂತ ಇವನು, ಇವನು ಎತ್ತುತ್ತಾನೆ ಅಂತ ಅವನು, ಕೊನೆಗೆ ಎತ್ತಿದವರು ಯಾರೂ ಇಲ್ಲ. ಆರಿಸುವ ವಿಷಯದಲ್ಲೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಯಜಮಾನರಿಗೆ ಅಗ್ಗದ್ದು ಬೇಕು, ಮಿಸ್ತ್ರಿಗೆ ಯಾವುದೂ ಬೇಡ. ಫೋನಕ್ಕ ಕೇಳಿದ್ದು ಒಂದೇ, ಗುಂಡಿಗಳು ದೊಡ್ಡದಾಗಿರಲಿ ಅಂತ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರನೆಯದೇ ಈ ಪೆಟ್ಟಿಗೆ. ಅಪಘಾತವಾದ ದಿನ ಗೋಡೆಯ ಮೇಲೆ ಇದ್ದದ್ದು ಅದು. ಮಾರನೇ ದಿನವೇ ಯಜಮಾನರು ಅದನ್ನು ಕಿತ್ತು ಮೆಟ್ಟಿಲ ಕೆಳಗಿನ ಗೂಡಿಗೆ ತಳ್ಳಿದ್ದರು.

"ಪೊಲೀಸರಿಗೆ ಇದನ್ನ ಹೇಳಿದ್ರಾ?"

"ಹೇಳೋಕೆ ಏನಿದೆ? ಯಾರೂ ಎತ್ತದಿದ್ರೆ 'ದಯವಿಟ್ಟು ಕಾಯಿರಿ' ಅನ್ನುತ್ತೆ ಅಷ್ಟೇ. ಅದಕ್ಕೇ ಅಕ್ಕನ ಕೈಲಿ ಓದಿಸಿದ್ದು. ಇದ್ದ ತಲೆನೋವು ಸಾಲದು ಅಂತ ಇದನ್ನ ಬೇರೆ ಎಳೀಬೇಕಾ ಅಂತ ಸುಮ್ಮನಾದೆ."

"'ದಯವಿಟ್ಟು ಕಾಯಿರಿ' ಅನ್ನೋ ಎರಡು ಮಾತು ಓದಿ ಗಂಟಲು ಕಟ್ಟಿತಾ?" ಅಂತ ನಿಧಾನಿ ನಾದಿನಿಯನ್ನು ಕೇಳಿದ.

"ಎರಡಾ? ಪೆಟ್ಟಿಗೆ ತಂದವನು ಪುಟಗಟ್ಟಲೆ ಓದಿಸಿದ. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಏನು ಓದಿದೆ ಅಂತ ಆಣೆ ಮಾಡಿದ್ರೂ ನೆನಪಿಲ್ಲ."

"ಆ ಪೆಟ್ಟಿಗೆಯವನನ್ನ ಕರೆಸಿ," ಅಂದ ನಿಧಾನಿ. "ಅವತ್ತು ಹೇಗಿತ್ತೋ ಹಾಗೇ ಜೋಡಿಸಲಿ. ಒಂದು ತಂತಿಯೂ ಆಚೀಚೆ ಆಗಬಾರದು."

ಈ ಮಾತನ್ನು ಅವನು ಆಮೇಲೆ ಎಷ್ಟು ಸಲ ನೆನೆಸಿಕೊಂಡು ಹಲ್ಲು ಕಚ್ಚಿದನೋ ಲೆಕ್ಕವಿಲ್ಲ.

*

ಪೆಟ್ಟಿಗೆಯವನು ಟೈ ಕಟ್ಟಿಕೊಂಡು ಬಂದ. ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು, ಟೈ ಮಾತ್ರ ನೆಟ್ಟಗಿತ್ತು. ಈ ಸಲವಾದರೂ ವ್ಯಾಪಾರ ಕುದುರಿತು ಅಂದುಕೊಂಡು ಬಂದಿದ್ದ ಅಂತ ಕಾಣುತ್ತದೆ. ನಿಧಾನಿಯ ಮುಖ ನೋಡಿದ ಮೇಲೆ ಅವನ ನಗು ಅರ್ಧಕ್ಕೆ ನಿಂತಿತು.

ಗೂಡಿನಿಂದ ಪೆಟ್ಟಿಗೆ ಹೊರಬಂತು. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ತಂತಿಗಳು ಗೋಡೆಯಲ್ಲೇ ಇದ್ದವು. ಅವನು ಒಂದೊಂದಾಗಿ ಸಿಕ್ಕಿಸಿದ. ಫೋನಕ್ಕನ ಮೇಜಿನ ಮೇಲೆ ಮಲಗಿದ್ದ ರಿಸೀವರನ್ನು ಅದರ ಜಾಗದಲ್ಲಿ ಕೂರಿಸಿದ. ಪೆಟ್ಟಿಗೆಯ ಹೊಟ್ಟೆಯಲ್ಲಿ ಒಂದು ಹಸಿರು ದೀಪ ಹತ್ತಿತು.

"ಒಬ್ಬರು ಫೋನ್ ಮಾಡಿದ್ರೆ ಇದು ಏನು ಮಾಡುತ್ತೆ? ಮಾರೋ ಮಾತು ಬೇಡ, ನಡೆಯೋದು ಹೇಳು," ಅಂದ ನಿಧಾನಿ.

"ಸಾರ್, ಹೊಸ ದೂರಾದ್ರೆ ಅಕ್ಕನ ಮೇಜಿಗೆ ಬಡಿಯುತ್ತೆ. ಅವರು ಎತ್ತದಿದ್ರೆ ಕಾಯಿರಿ ಅನ್ನುತ್ತೆ."

"ಹಳೇ ದೂರಾದ್ರೆ?"

"ಅದೇ ಸಾರ್ ಇದರ ವಿಶೇಷ. ಬರೋ ಕರೇಲಿ ಅರ್ಧಕ್ಕರ್ಧ 'ರಿಪೇರಿ ಆಯ್ತಾ, ಇನ್ನು ಹತ್ತಬಹುದಾ' ಅನ್ನೋವೇ. ಅದಕ್ಕೂ ಅಕ್ಕ ಯಾಕೆ ಗಂಟಲು ಹರ್ಕೋಬೇಕು? ಮಿಸ್ತ್ರಿ ಮೇಲಿನ ಕೋಣೆ ಫೋನಲ್ಲಿ ನಕ್ಷತ್ರದ ಗುಂಡಿ ಒತ್ತಿ ಆ ಗಿರಾಕಿಯ ನಂಬರು ಒತ್ತಿದ್ರೆ ಕೆಲಸ ಮುಗೀತು ಅಂತ ಲೆಕ್ಕ. ಆ ನಂಬರಿಂದ ಕರೆ ಬಂದ್ರೆ ಪೆಟ್ಟಿಗೆ ನಂಬರು ನೋಡಿ ತಾನೇ ಉತ್ತರ ಹೇಳಿಬಿಡುತ್ತೆ. ಇಲ್ಲಿ ಒಂದು ಸಲ ಕಿಣ್ ಅಂತ ಅರ್ಧ ಬಡಿಯುತ್ತೆ, ಅಷ್ಟೇ. ಎತ್ತೋ ಕೆಲಸವೇ ಇಲ್ಲ."

ಫೋನಕ್ಕನ ಬೆರಳಲ್ಲಿ ಕನ್ನಡಕದ ದಾರ ನಿಂತಿತು. "ಅವತ್ತು ಆ ಕಿಣ್ ಅನ್ನೋದು ನನಗೂ ಕೇಳಿತ್ತು. ತಂತಿ ಸರಿಯಾಗಿ ಕೂತಿಲ್ಲ ಅಂದ್ಕೊಂಡೆ."

"ಇದನ್ನ ನನಗೆ ಹೇಳಿದ್ಯೇನಯ್ಯ ನೀನು?" ಅಂತ ಯಜಮಾನರು ಟೈಯವನ ಕಡೆ ತಿರುಗಿದರು.

"ಹೇಳಿದ್ದೆ ಸಾರ್. ನೀವು ಆಗ 'ಅದೆಲ್ಲ ಇರಲಿ, ಕೊನೇ ರೇಟು ಹೇಳು' ಅಂದ್ರಿ."

ನಿಧಾನಿ ತನ್ನ ಮೊಬೈಲು ತೆಗೆದು ಆ ಕಟ್ಟಡದ ಕಾರ್ಯದರ್ಶಿಗೆ ಹಚ್ಚಿದ. "ಸ್ವಾಮಿ, ನಾನು ಬೆಳಿಗ್ಗೆ ಬಂದಿದ್ದೆನಲ್ಲ. ಒಂದು ಉಪಕಾರ ಆಗಬೇಕು. ಅವತ್ತು ಯಾವ ಫೋನಿಂದ ಮಾಡಿದ್ರೋ ಅದರಿಂದಲೇ ಲಿಫ್ಟಿನವರ ಕಚೇರಿಗೆ ಈಗ ಇನ್ನೊಂದು ಸಲ ಮಾಡಿ. ಅವತ್ತು ಕೇಳಿದ್ದನ್ನೇ ಕೇಳಿ."

ಎಲ್ಲರೂ ಮೇಜಿನ ಸುತ್ತ ನಿಂತರು. ಫೋನಕ್ಕನನ್ನು ನಿಧಾನಿ ಎಲ್ಲರಿಗೂ ಕಾಣುವ ಹಾಗೆ ಕಿಟಕಿಯ ಬಳಿ ನಿಲ್ಲಿಸಿದ. ಟೈಯವನು ಸ್ಪೀಕರಿನ ಗುಂಡಿ ಒತ್ತಿದ.

ಕಿಣ್ ಅಂದು ಫೋನು ಸುಮ್ಮನಾಯಿತು.

"ನಮಸ್ಕಾರ. ಹೇಳಿ, ಕೇಳಿಸ್ಕೋತಿದೀನಿ," ಅಂತ ಫೋನಕ್ಕನ ದನಿ ಸ್ಪೀಕರಿನಿಂದ ಬಂತು.

"ನೋಡಿ, ನಾನು ಅವತ್ತು ದೂರು ಕೊಟ್ಟಿದ್ದೆನಲ್ಲ, ನಮ್ಮ ಲಿಫ್ಟಿನದು, ನಿಮ್ಮ ಮಿಸ್ತ್ರಿ ಬಂದು..." ಅಂತ ಕಾರ್ಯದರ್ಶಿಯ ದನಿ ಇನ್ನೂ ರಾಗ ಎಳೆಯುತ್ತಿತ್ತು.

"ನಿಮ್ಮ ಲಿಫ್ಟಿನ ಕೆಲಸ ಮುಗಿದಿದೆ," ಅಂತ ಫೋನಕ್ಕನ ದನಿ ಅವರ ಮಾತಿನ ಮೇಲೆಯೇ ಹಾಯಿತು. "ಏನೂ ಗಾಬರಿ ಬೇಡ. ಧೈರ್ಯವಾಗಿ ಹತ್ತಿ. ನಮಸ್ಕಾರ."

ಫೋನಕ್ಕ ಕಿಟಕಿಯ ಬಳಿ ತುಟಿ ಬಿಗಿದು ನಿಂತಿದ್ದಳು. ಅವಳ ದನಿ ಕೋಣೆಯ ತುಂಬ ಇತ್ತು, ಅವಳ ಬಾಯಿ ಮುಚ್ಚಿತ್ತು. ಅವಳ ಕಣ್ಣಲ್ಲಿ ನೀರು ಬಂದದ್ದು ಆಗ. ಇಷ್ಟು ದಿನ ಊರೆಲ್ಲ ಬೈದಾಗ ಅಳದವಳು ತನ್ನದೇ ದನಿ ಕೇಳಿ ಅತ್ತಳು.

"ನಾನು ದಿನಾ ಹೇಳೋ ನಾಲ್ಕರಲ್ಲಿ ಎರಡು ಮಾತು ಇದರಲ್ಲಿದೆ ಭಾವ," ಅಂದಳು. "ಗಾಬರಿ ಬೇಡ ಅನ್ನೋದು ನಂದೇ. ಜನ ಆ ಮಾತು ನಂಬ್ತಾರೆ. ಅದಕ್ಕೇ ಆ ಪಾಪದೋನು ಹತ್ತಿದ್ದು."

ಯಜಮಾನರು ತಲೆ ಮೇಲೆ ಕೈ ಹೊತ್ತು ಕುರ್ಚಿಗೆ ಕುಸಿದರು. "ಅಂದ್ರೆ ಅಕ್ಕ ಅಲ್ಲ," ಅಂದರು. ಅವರ ದನಿಯಲ್ಲಿ ಸಮಾಧಾನ ಇದ್ದದ್ದು ನಿಜ. ಅದಕ್ಕೆ ನಿಧಾನಿ ಅವರನ್ನು ಸ್ವಲ್ಪ ಕ್ಷಮಿಸಿದ.

ಆದರೆ ಗಂಟು ಬಿಚ್ಚಿತು ಅಂತ ಕಾಲು ಚಾಚುವ ಹಾಗಿರಲಿಲ್ಲ. ಫೋನು ಎತ್ತಿದ್ದು ಯಾರು ಅನ್ನುವುದಲ್ಲ ಇನ್ನು ಪ್ರಶ್ನೆ. ಆಗದ ಕೆಲಸ ಆಗಿದೆ ಅಂತ ಪೆಟ್ಟಿಗೆಗೆ ಹೇಳಿದ್ದು ಯಾರು?

"ಯಾವ ಫೋನಿಂದ ಒತ್ತಿದ್ದು ಅಂತ ಗೊತ್ತಾಗುತ್ತಾ?"

ಟೈಯವನು ಪೆಟ್ಟಿಗೆಯ ಸಣ್ಣ ಪರದೆಯ ಮೇಲೆ ಬಗ್ಗಿದ. "ಮೇಲಿನ ಕೋಣೆ ಸಾರ್. ಅವತ್ತು ಬೆಳಿಗ್ಗೆಯೇ ಒತ್ತಿದಾರೆ."

*

ಲಿಫ್ಟ್ ರಿಪೇರಿಯವರ ಕಚೇರಿಗೆ ಲಿಫ್ಟಿರಲಿಲ್ಲ. ಕಡಿದಾದ ಮೆಟ್ಟಿಲು, ಹಿಡಿಯಲು ಒಂದು ಕಬ್ಬಿಣದ ಕೊಳವೆ. ನಿಧಾನಿ ಒಂದೊಂದು ಮೆಟ್ಟಿಲಿಗೂ ಮನಸ್ಸಿನಲ್ಲೇ ಒಬ್ಬೊಬ್ಬರನ್ನು ಬೈಯುತ್ತಾ ಹತ್ತಿದ. ಹಿಂದೆ ಯಜಮಾನರು, ಅವರ ಹಿಂದೆ ಫೋನಕ್ಕ, ಕೊನೆಯಲ್ಲಿ ಟೈಯವನು. ಕೆಳಗಿನ ಕೋಣೆಯಲ್ಲಿ ಯಾರೂ ಉಳಿಯಲಿಲ್ಲ.

ಮೇಲೆ ಮಿಸ್ತ್ರಿ ಒಂದು ಮೋಟಾರನ್ನು ಬಿಚ್ಚಿ ಕಾಗದದ ಮೇಲೆ ಹರಡಿಕೊಂಡು ಕೂತಿದ್ದ. ಕೆಲಸ ಎಲ್ಲ ನಿಂತಿದ್ದರೂ ಕೈ ಸುಮ್ಮನಿರದ ಆಸಾಮಿ. ದೊಡ್ಡ ಯಜಮಾನರ ಕಾಲದಿಂದ ಇದ್ದವನು. ಮೊದಲು ಅವನ ಕೈಕೆಳಗೆ ಇಬ್ಬರಿದ್ದರು. ಇಬ್ಬರೂ ಹೆಚ್ಚು ಸಂಬಳ ಸಿಕ್ಕ ಕಡೆ ಹೋದರು.

"ಏನು, ಮೆರವಣಿಗೆನೇ ಬಂದುಬಿಟ್ಟಿದೆ," ಅಂದ. ನಗಲಿಲ್ಲ.

ನಿಧಾನಿ ಕಿಟಕಿಯ ಕಟ್ಟೆಯ ಮೇಲೆ ಕೂತು ಉಸಿರು ಸುಧಾರಿಸಿಕೊಂಡ. ಪಕ್ಕದಲ್ಲೇ ಹೊಸ ಫೋನಿತ್ತು. ಬಿಳಿ ಬಣ್ಣದ್ದು. ಗುಂಡಿಗಳ ಮೇಲೆ ಅಲ್ಲಲ್ಲಿ ಕಪ್ಪು ಕಲೆ ಇತ್ತು. ನಕ್ಷತ್ರದ ಗುಂಡಿಯ ಮೇಲಂತೂ ಒಂದು ಇಡೀ ಕಪ್ಪು ಹೆಬ್ಬೆಟ್ಟು ಕೂತಿತ್ತು.

"ಆ ಕಟ್ಟಡದ ದೂರು ನಿನ್ನ ತನಕ ಬರಲೇ ಇಲ್ಲ ಅಂದಿದ್ದೆ ಅಲ್ವಾ?"

"ಬರಲಿಲ್ಲ. ಅಕ್ಕ ಹೇಳೋದು ಮರೆತಿರಬೇಕು. ವಯಸ್ಸಾಯ್ತು, ಯಾರಿಗಾದ್ರೂ ಆಗುತ್ತೆ."

ಫೋನಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ಈ ಗುಂಡಿ ಮೇಲೆ ಗ್ರೀಸು ಯಾರದು?"

ನಿಧಾನಿ ಯಾರ ಹೆಸರೂ ಹೇಳಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಮಿಸ್ತ್ರಿ ತನ್ನ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಏನು ಮಾಡಿದೆ ಅಂತ ಹೊಳೆದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ದೂರು ಬರದಿದ್ರೆ, ಕೆಲಸ ಆಯ್ತು ಅಂತ ಯಾಕೆ ಒತ್ತಿದೆ?"

ಮಿಸ್ತ್ರಿ ಕಾಗದದ ಮೇಲೆ ಹರಡಿದ ಮೋಟಾರಿನ ಕಡೆ ನೋಡಿದ.

"ಹೇಳಪ್ಪಾ. ನನಗೂ ಸಾಕಾಗಿದೆ, ನಿನಗೂ ಸಾಕಾಗಿದೆ. ಅಲ್ಲೊಬ್ಬ ಸೊಂಟ ಮುರ್ಕೊಂಡು ಮಲಗಿದಾನೆ. ಇಲ್ಲೊಬ್ಬಳು ಮಾಡದ ತಪ್ಪಿಗೆ ಸಂಜೆ ಪೊಲೀಸ್ ಜೀಪು ಹತ್ತೋಕೆ ತಯಾರಾಗಿ ಕೂತಿದಾಳೆ."

ಮಿಸ್ತ್ರಿ ಫೋನಕ್ಕನ ಕಡೆ ನೋಡಿದ. ಅವಳು ಅವನ ಕಡೆಯೇ ನೋಡುತ್ತಿದ್ದಳು.

"ನಿನ್ನನ್ನ ಜೀಪು ಹತ್ತಿಸ್ತಾರೆ ಅಂದ್ಕೊಂಡಿರಲಿಲ್ಲಕ್ಕ," ಅಂದ. "ಬೈದು ಬಿಡ್ತಾರೆ ಅಂದ್ಕೊಂಡೆ."

"ಅಂದ್ರೆ ಬೈಸ್ಕೊಳ್ಳೋದು ನಾನು," ಅಂದಳು ಅವಳು.

ಕೆಳಗೆ, ಖಾಲಿ ಕೋಣೆಯಲ್ಲಿ, ಫೋನು ಕಿಣ್ ಅಂದು ಸುಮ್ಮನಾಯಿತು. ನಿಧಾನಿಯ ಕಿವಿಗೆ ಅದು ಬಿತ್ತು, ತಲೆಗೆ ಹತ್ತಲಿಲ್ಲ. ಅವನ ಕಣ್ಣೆಲ್ಲ ಮಿಸ್ತ್ರಿಯ ಮೇಲಿತ್ತು.

"ಬೆಳಿಗ್ಗೆ ಹೊರಡೋವಾಗ ಒತ್ತಿಬಿಡ್ತಿದ್ದೆ," ಅಂದ ಮಿಸ್ತ್ರಿ. "ಆವತ್ತಿನ ಕೆಲಸ ಎಲ್ಲ ಒಟ್ಟಿಗೆ. ಹಲಗೆ ಇದ್ದಾಗ ಬಾಗಿಲಲ್ಲೇ ಒರೆಸಿ ಮನೆಗೆ ಹೋಗ್ತಿದ್ದೆ. ಈಗ ಆ ಗುಂಡಿ ಒತ್ತೋಕೆ ಅಂತ ಸಂಜೆ ಇಷ್ಟು ಮೆಟ್ಟಿಲು ಹತ್ತಬೇಕು. ಕಾಲಲ್ಲಿ ಜೀವ ಇರಲ್ಲ ಸ್ವಾಮಿ. ಒಬ್ಬನೇ ಮೂರು ಜನದ ಕೆಲಸ. ಹೇಗಿದ್ರೂ ಹೋಗೇ ಹೋಗ್ತೀನಲ್ಲ, ಮಾಡೇ ಮಾಡ್ತೀನಲ್ಲ ಅಂತ ಮುಂಚೇನೇ ಒತ್ತಿದೆ. ಅದು ನಮ್ಮ ಒಳಗಿನ ಲೆಕ್ಕಕ್ಕೆ ಅಂದ್ಕೊಂಡಿದ್ದೆ. ಅದು ಗಿರಾಕಿಗೆ ಬಾಯಿ ಬಿಟ್ಟು ಹೇಳುತ್ತೆ ಅಂತ ಯಾರು ಕಂಡಿದ್ರು?"

"ಹಾಗಾದ್ರೆ ಅವತ್ತು ಹೋಗಲಿಲ್ಲ ಯಾಕೆ?"

ಮಿಸ್ತ್ರಿ ಈಗ ಯಜಮಾನರ ಕಡೆ ತಿರುಗಿದ. ಅವನ ದನಿಯಲ್ಲಿ ಮೊದಲ ಸಲ ಬಿಸಿ ಬಂತು. "ನೀವೇ ಹೇಳಿ ಯಜಮಾನ್ರೇ. ಅರ್ಧ ದಾರೀಲಿದ್ದೆ. ವಾಪಸ್ ಬಾ ಅಂತ ಕರೆಸಿದ್ದು ಯಾರು?"

ಯಜಮಾನರು ಬೆವರು ಒರೆಸಿಕೊಂಡರು.

"ಯಾಕೆ ಕರೆಸಿದ್ರಿ?" ಅಂತ ನಿಧಾನಿ ಕೇಳಿದ.

"ತಂತಿ ಎಳೆಯೋಕೆ," ಅಂತ ಯಜಮಾನರು ಸಣ್ಣಗೆ ಅಂದರು. "ಈ ಹೊಸ ಫೋನಿಂದೇ, ಬಾಕಿ ಉಳಿದಿದ್ದ ತಂತಿ. ಇವರ ಕಡೆ ಹುಡುಗರು ಬಂದ್ರೆ ಅದಕ್ಕೆ ಬೇರೆ ಚಾರ್ಜು ಅಂದ್ರು. ನಮ್ಮ ಮಿಸ್ತ್ರಿ ಕೈ ಚೆನ್ನಾಗಿದೆಯಲ್ಲ ಅಂತ."

ಟೈಯವನು ತನ್ನ ಬೂಟು ನೋಡಿಕೊಂಡ. ಅವತ್ತು ವಾಪಸ್ ಬಂದ ಮೇಲೆ ಸಂಜೆಯ ತನಕ ಮಿಸ್ತ್ರಿ ಏಣಿ ಹತ್ತಿ ಈ ಗೋಡೆಗಳಿಗೆ ತಂತಿ ಬಡಿದಿದ್ದ. ಅದೇ ತಂತಿಯೊಳಗೆ ಕೂತು ಫೋನಕ್ಕನ ದನಿ ಅವನು ಹೋಗದ ಕಡೆಗೆಲ್ಲ ಕೆಲಸ ಮುಗಿದಿದೆ ಅಂತ ಹೇಳುತ್ತಿತ್ತು. ಬೈಯೋಣ ಅಂದರೆ ಯಾರನ್ನು ಬೈಯುವುದು? ದುಡ್ಡು ಉಳಿಸಹೋದ ಯಜಮಾನನನ್ನೋ, ಮೆಟ್ಟಿಲು ಉಳಿಸಹೋದ ಮಿಸ್ತ್ರಿಯನ್ನೋ, ವಿವರಿಸದೆ ಮಾರಹೋದ ಟೈಯವನನ್ನೋ? ನಿಧಾನಿಗೆ ದೊಡ್ಡ ಕಳ್ಳರೇ ವಾಸಿ ಅನ್ನಿಸಿತು. ಅವರನ್ನು ಹಿಡಿದ ದಿನ ನಿದ್ದೆಯಾದರೂ ಬರುತ್ತಿತ್ತು.

ಮನೆಗೆ ಹೋಗಿ ಹೆಂಡತಿಗೆ 'ನಿನ್ನ ತಂಗಿ ಅಲ್ಲ' ಅಂದುಬಿಟ್ಟರೆ ಸಾಕು, ಊಟ ಮಾಡಿ ಮಲಗಬಹುದು ಅಂದುಕೊಂಡು ಎದ್ದ. ಮೊಣಕಾಲು ಕಟಕ್ ಅಂದಿತು. ಎದ್ದವನು ಹಾಗೇ ನಿಂತ.

"'ಎಲ್ಲ ಒಟ್ಟಿಗೆ' ಅಂದ್ಯಲ್ಲ. ಅವತ್ತು ಬೆಳಿಗ್ಗೆ ಇನ್ನೂ ಯಾವ ಯಾವ ಕೆಲಸ ಒತ್ತಿದ್ದೆ?"

ಮಿಸ್ತ್ರಿ ಹುಬ್ಬು ಗಂಟಿಕ್ಕಿದ. "ಒಂದು ಬಟ್ಟೆ ಅಂಗಡೀದು. ಅದು ಮುಗಿಸೇ ವಾಪಸ್ ಬಂದಿದ್ದು. ಆಮೇಲೆ ಈ ಕಟ್ಟಡದ್ದು."

"ಅಷ್ಟೇನಾ?"

ಮಿಸ್ತ್ರಿಯ ಮುಖದ ಬಣ್ಣ ಇಳಿಯಿತು. ಅವನ ಕೈ ತಾನಾಗೇ ಬೆನ್ನ ಹಿಂದಿನಿಂದ ಮುಂದೆ ಬಂತು.

"ಇನ್ನೊಂದಿತ್ತು," ಅಂದ. "ಅದರ ಬ್ರೇಕು ಸವೆದಿತ್ತು. ನಾನು ಬರೋ ತನಕ ಮುಟ್ಟಬೇಡಿ ಅಂತ ಬೀಗ ಹಾಕಿಸಿದ್ದೆ. ಈ ರಾದ್ಧಾಂತದಲ್ಲಿ ಅದು ತಲೆಯಿಂದಲೇ ಹೋಗಿತ್ತು ಸ್ವಾಮಿ. ಹಲಗೆ ಇದ್ದಿದ್ರೆ ಕಣ್ಣಿಗೆ ಬೀಳ್ತಿತ್ತು."

"ಯಾವುದು?"

"ನರ್ಸಿಂಗ್ ಹೋಮಿಂದು."

ಫೋನಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ಯಾವ ನರ್ಸಿಂಗ್ ಹೋಮು?" ಅಂತ ಕೇಳಿದಳೇ ಹೊರತು ಉತ್ತರಕ್ಕೆ ಕಾಯಲಿಲ್ಲ. ಇವರಿಗೆ ಗಿರಾಕಿಯಾಗಿದ್ದ ನರ್ಸಿಂಗ್ ಹೋಮು ಒಂದೇ. ಅದರ ಮೂರನೇ ಮಹಡಿಯಲ್ಲಿ ಕಾವಲುಗಾರ ಮಲಗಿದ್ದ. ಸಂಜೆ ಅವನನ್ನು ಕೆಳಗೆ ತರಬೇಕಿತ್ತು.

"ಬೀಗ ಹಾಕಿದೆಯಲ್ಲ," ಅಂದರು ಯಜಮಾನರು. "ನಾವು ಹೇಳೋ ತನಕ ಅವರು ತೆಗೆಯಲ್ಲ. ಎತ್ಕೊಂಡು ಮೆಟ್ಟಿಲು ಇಳಿಸ್ತಾರೆ."

"ಸೊಂಟ ಮುರಿದೋನನ್ನ ಅವತ್ತು ಹೊತ್ಕೊಂಡು ಹತ್ತಿಸಿದ್ದೇ ಸಾಕು, ಮತ್ತೆ ಮೆಟ್ಟಿಲಲ್ಲಿ ಇಳಿಸ್ತಾರಾ? ಲಿಫ್ಟು ಸರಿಯಾಯ್ತಾ ಅಂತ ಮೊದಲು ಇಲ್ಲಿಗೆ ಫೋನ್ ಮಾಡಿ ಕೇಳ್ತಾರೆ," ಅಂದ ನಿಧಾನಿ.

ಅನ್ನುತ್ತಿದ್ದ ಹಾಗೇ ಆ ಕಿಣ್ ಈಗ ಅವನ ತಲೆಗೆ ಹತ್ತಿತು. ಖಾಲಿ ಕೋಣೆಯಲ್ಲಿ ಅರ್ಧ ಬಡಿದು ನಿಂತ ಫೋನು. ಪೆಟ್ಟಿಗೆಯನ್ನು ಅವತ್ತಿನ ಹಾಗೇ ಜೋಡಿಸು, ಒಂದು ತಂತಿಯೂ ಆಚೀಚೆ ಆಗಬಾರದು ಅಂದವನು ತಾನೇ.

ಫೋನಕ್ಕ ಆಗಲೇ ಬಿಳಿ ಫೋನಿನ ಬಳಿ ಇದ್ದಳು. ನಂಬರು ಅವಳಿಗೆ ಬಾಯಿಪಾಠ. ಸಣ್ಣ ಗುಂಡಿಗಳ ಮೇಲೆ ಅವಳ ಬೆರಳು ಒಂದು ಸಲ ತಪ್ಪಿತು. ಮತ್ತೆ ಮೊದಲಿಂದ ಒತ್ತಿದಳು. ಸ್ಪೀಕರು ಹಾಕುವಂತೆ ನಿಧಾನಿ ಟೈಯವನಿಗೆ ಸನ್ನೆ ಮಾಡಿದ.

"ಹಲೋ, ಯಾರು?" ಅಂತ ಒಬ್ಬ ನರ್ಸಿನ ದನಿ.

"ಲಿಫ್ಟ್ ಆಫೀಸಿಂದಮ್ಮ. ನಿಮ್ಮ ಲಿಫ್ಟನ್ನ ಯಾರೂ ಹತ್ತಬೇಡಿ. ಅದರ ಕೆಲಸ ಇನ್ನೂ ಆಗಿಲ್ಲ."

"ಆಗಿಲ್ವಾ?" ನರ್ಸಿನ ದನಿಯಲ್ಲಿ ಬೆಳಗಿನಿಂದ ನಿಂತೇ ಇದ್ದವರ ಬೇಸರವಿತ್ತು. "ಈಗ ತಾನೇ ಫೋನ್ ಮಾಡಿ ಕೇಳಿದ್ವಲ್ಲ. ಕೆಲಸ ಮುಗಿದಿದೆ, ಧೈರ್ಯವಾಗಿ ಹತ್ತಿ ಅಂದ್ರಲ್ಲ."

"ಯಾರಮ್ಮ ಅಂದಿದ್ದು?"

"ನೀವೇ ಅಲ್ವಾ ಅಂದಿದ್ದು. ಇದೇ ದನಿ. ಅದಕ್ಕೇ ಬೀಗ ತೆಗೆಸಿದ್ವಿ. ಪೇಷಂಟನ್ನ ಸ್ಟ್ರೆಚರ್ ಸಮೇತ ಈಗ ಒಳಗೆ ತಳ್ತಾ ಇದಾರೆ ನೋಡಿ. ಒಂದು ನಿಮಿಷ ಇರಿ, ಡಾಕ್ಟ್ರು ಕರೀತಿದಾರೆ."

ತಡೆಯಿರಿ ಅನ್ನಲು ಫೋನಕ್ಕ ಬಾಯಿ ತೆರೆದಳು. ಬಂದದ್ದು ಕೆಮ್ಮು. ಮೇಜು ಹಿಡಿದು ಬಗ್ಗಿ ಕೆಮ್ಮಿದಳು, ಮುಖ ಕೆಂಪಗಾಗಿ ಕಣ್ಣಲ್ಲಿ ನೀರು ಬಂತು, ಮಾತು ಮಾತ್ರ ಬರಲಿಲ್ಲ.

ನಿಧಾನಿ ಅವಳ ಕೈಯಿಂದ ರಿಸೀವರ್ ಕಿತ್ತುಕೊಂಡು ಕೂಗಿದ. ಆಚೆ ಕಡೆ ಯಾರೂ ಇರಲಿಲ್ಲ. ನರ್ಸು ಮೇಜಿನ ಮೇಲೆ ಇಟ್ಟುಹೋದ ಆ ಫೋನಿನಲ್ಲಿ, ದೂರದಲ್ಲಿ, ಲಿಫ್ಟಿನ ಬಾಗಿಲು ಹಾಕಿಕೊಳ್ಳುವ ಸದ್ದು ಕೇಳಿಸಿತು.